ಕಂಬಳದ ಕರೆಯೂ ಕ್ರೋನೋಗ್ರಾಫಿನ ಮುಳ್ಳೂ

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದಾಗ 9.55 ಎಂದು ಬಂತು; ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ 9.58ರ ವಿಶ್ವದಾಖಲೆಯ ಪಕ್ಕ ಅದನ್ನು ಇಟ್ಟು ದೇಶವೆಲ್ಲ ಮಾತಾಡಿತು. ಆ ಮಾತು ಆರುವ ಮುನ್ನವೇ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಯಾರು ಹೆಚ್ಚು ವೇಗಿ ಎಂಬ ಚರ್ಚೆ ಸಾಕಷ್ಟು ನಡೆಯಿತು. ಆದರೆ ‘13’ರ ನಂತರದ ಆ ‘.62’ ಎಲ್ಲಿಂದ ಬರುತ್ತದೆ, ಅಷ್ಟು ಸಣ್ಣ ಪಾಲನ್ನು ಹೇಳಲು ಒಂದು ಯಂತ್ರಕ್ಕೆ ಏನಿರಬೇಕು ಎಂದು ಕೇಳಿದವರು ಕಡಿಮೆ. ಕೈಗೆ ಕಟ್ಟುವ ಸಾಮಾನ್ಯ ಯಾಂತ್ರಿಕ ಕ್ರೋನೋಗ್ರಾಫ್, ಅಂದರೆ ಬ್ಯಾಟರಿಯಿಲ್ಲದೆ ಬರೀ ಕಮಾನು-ಚಕ್ರಗಳಿಂದ ಓಡುತ್ತ, ಗುಂಡಿ ಒತ್ತಿದರೆ ಸೆಕೆಂಡು ಎಣಿಸುವ ಗಡಿಯಾರ, ಆ ‘.62’ನ್ನು ಹೇಳಲಾರದು. ತಾನು ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲೆ ಎಂಬುದನ್ನು ಅದು ತನ್ನ ಮುಖದ ಮೇಲೇ ತೋರಿಸಿಬಿಡುತ್ತದೆ. ನನ್ನ ಪ್ರಕಾರ ಅದನ್ನು ಕೊಳ್ಳಲು, ಜೋಪಾನ ಮಾಡಲು ಇರುವ ದೊಡ್ಡ ಕಾರಣ ಅದೇ.

ಯಾಂತ್ರಿಕ ಗಡಿಯಾರ ಕಾಲವನ್ನು ಹರಿಯುವ ವಸ್ತುವಾಗಿ ಅಳೆಯುವುದಿಲ್ಲ, ತುಂಡು ತುಂಡಾಗಿ ಎಣಿಸುತ್ತದೆ. ಕೀ ಕೊಟ್ಟಾಗ ಸುತ್ತಿಕೊಂಡ ಕಮಾನು ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳ ಸಾಲನ್ನು ತಳ್ಳುತ್ತದೆ. ಸಾಲಿನ ಕೊನೆಯಲ್ಲಿ ಅತ್ತಿಂದಿತ್ತ ತೂಗುವ ಬ್ಯಾಲೆನ್ಸ್ ಚಕ್ರ, ಒಂದೊಂದು ತೂಗಿಗೂ ಚಕ್ರವನ್ನು ಅರ್ಧ ಹಲ್ಲಿನಷ್ಟೇ ಮುಂದೆ ಬಿಡುತ್ತದೆ. ಕಿವಿಗೆ ಕೇಳುವ ಟಿಕ್ ಎಂದರೆ ಆ ಒಂದು ಹೆಜ್ಜೆಯ ಸದ್ದು. ಇಂದಿನ ಬಹುಪಾಲು ಕ್ರೋನೋಗ್ರಾಫುಗಳು ಗಂಟೆಗೆ 28,800 ಬಾರಿ ಮಿಡಿಯುತ್ತವೆ, ಅಂದರೆ ಸೆಕೆಂಡಿಗೆ 8. ಹಳೆಯವುಗಳಲ್ಲಿ 18,000 ಮಿಡಿತ, ಸೆಕೆಂಡಿಗೆ 5. ಜೆನಿತ್ ಕಂಪನಿ 1969ರಲ್ಲಿ ಹೊರತಂದ ಎಲ್ ಪ್ರಿಮೆರೊ 36,000 ಬಾರಿ ಮಿಡಿದು ಸೆಕೆಂಡನ್ನು 10 ಪಾಲು ಮಾಡುತ್ತದೆ. ಮುಳ್ಳು ನಯವಾಗಿ ಜಾರಿದಂತೆ ಕಂಡರೂ ಅದು ನಿಜವಾಗಿ ನಿಂತು ನಿಂತು ಜಿಗಿಯುತ್ತದೆ. ಎರಡು ಮಿಡಿತಗಳ ನಡುವೆ ನೀವು ಯಾವಾಗ ಗುಂಡಿ ಒತ್ತಿದರೂ ಅದು ಹಿಂದಿನ ಜಿಗಿತದ ಜಾಗದಲ್ಲೇ ಇರುತ್ತದೆ. ಎಂಟು ಮಿಡಿತದ ಗಡಿಯಾರ 13.62ನ್ನು ಕಂಡರೆ 13.5 ಎನ್ನಬಹುದು ಅಥವಾ ಮಿಡಿತ ಆಗಲೇ ಸಂದಿದ್ದರೆ 13.625 ಎನ್ನಬಹುದು. 13.61ಕ್ಕೂ ಅದರ ಉತ್ತರ ಅದೇ ಎರಡರಲ್ಲೊಂದು.

ಇಲ್ಲಿ ಬಹಳ ಜನ ಎರಡು ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ. ದಿನಕ್ಕೆ ಹತ್ತು ಸೆಕೆಂಡು ತಪ್ಪುವ ಗಡಿಯಾರ ಓಟ ಅಳೆಯಲು ನಾಲಾಯಕ್ಕು ಎಂದು ಭಾವಿಸುವುದು ಸಹಜ. ಲೆಕ್ಕ ಹಾಕಿ ನೋಡಿ: ದಿನದ 86,400 ಸೆಕೆಂಡಿಗೆ ಹತ್ತು ತಪ್ಪಿದರೆ, 13.62 ಸೆಕೆಂಡಿನಲ್ಲಿ ತಪ್ಪುವುದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಕರೆಯ ಉದ್ದಕ್ಕೆ ಅದು ಎರಡು ಸೆಂಟಿಮೀಟರೂ ಆಗುವುದಿಲ್ಲ. ಮಿಡಿತದ ಪಾಲು ಮಾತ್ರ ಹಾಗಲ್ಲ. ಗೌಡರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 10.46 ಮೀಟರ್. ಎಂಟನೇ ಒಂದು ಸೆಕೆಂಡಿನಲ್ಲಿ ಕೋಣಗಳು 1.3 ಮೀಟರ್ ಓಡಿಬಿಡುತ್ತವೆ. ಹೊಕ್ಕಾಡಿಗೋಳಿಯ ವೀರ-ವಿಕ್ರಮ ಕಂಬಳವಾಗಲಿ, ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳವಾಗಲಿ, ಅಕ್ಕಪಕ್ಕದ ಎರಡು ಕರೆಗಳಲ್ಲಿ ಓಡುವ ಜೋಡಿಗಳ ನಡುವೆ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋಲು-ಗೆಲುವು ತೀರ್ಮಾನವಾಗಬಲ್ಲದು. ಆದ್ದರಿಂದಲೇ ಕಂಬಳಕ್ಕೆ ಬೆಳಕಿನ ಕಿರಣದ ಸೆನ್ಸರು ಬಂತು, ಬರಬೇಕಿತ್ತು ಕೂಡ. ನೂರನೇ ಒಂದು ಸೆಕೆಂಡೆಂದರೆ ಆ ವೇಗದಲ್ಲಿ ಹತ್ತು ಸೆಂಟಿಮೀಟರ್, ಅದನ್ನು ಕಿರಣ ಹಿಡಿಯಬಲ್ಲದು, ಕೈಗಡಿಯಾರ ಹಿಡಿಯಲಾರದು.

ಕ್ರೋನೋಗ್ರಾಫಿನ ಕಥೆಗೂ ಓಟದ ಅಂಗಳದ ನಂಟಿದೆ. 1821ರಲ್ಲಿ ಪ್ಯಾರಿಸ್‌ನ ಕುದುರೆ ಓಟದಲ್ಲಿ ನಿಕೋಲಾ ರಿಯೂಸೆಕ್ ಎಂಬಾತ, ಕುದುರೆ ಗುರಿ ದಾಟಿದಾಗಲೆಲ್ಲ ತಿರುಗುವ ಡಯಲಿನ ಮೇಲೆ ಶಾಯಿಯ ಹನಿ ಬೀಳಿಸುವ ಯಂತ್ರವನ್ನು ಬಳಸಿದ. ಅದಕ್ಕೂ ಐದು ವರ್ಷ ಮೊದಲೇ ಲೂಯಿ ಮೊಯ್ನೆ ನಕ್ಷತ್ರ ವೀಕ್ಷಣೆಗಾಗಿ ಸೆಕೆಂಡಿನ ಅರವತ್ತನೇ ಒಂದನ್ನು ಎಣಿಸುವ ಯಂತ್ರ ಮಾಡಿಟ್ಟಿದ್ದ. ಆ ಸಂಗತಿ ಜಗತ್ತಿಗೆ ಗೊತ್ತಾದದ್ದು 2013ರಲ್ಲಿ. ಆದರೆ ಇಂದು ನಮ್ಮ ಕೈಮೇಲಿರುವ ಕ್ರೋನೋಗ್ರಾಫಿನ ಜೀವಾಳ ಇವೆರಡರಲ್ಲೂ ಅಲ್ಲ, 1844ರಲ್ಲಿ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದ ಹೃದಯಾಕಾರದ ಒಂದು ಪುಟ್ಟ ಬಿಲ್ಲೆಯಲ್ಲಿದೆ.

ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೆಕೆಂಡು ಎಣಿಸುವ ದೊಡ್ಡ ಮುಳ್ಳಿನ ದಂಡಕ್ಕೆ ಆ ಬಿಲ್ಲೆಯನ್ನು ಬಿಗಿದಿರುತ್ತಾರೆ. ಬಿಲ್ಲೆಯ ಅಂಚು ಒಂದು ಕಡೆ ನಡುಬಿಂದುವಿಗೆ ತೀರ ಹತ್ತಿರ, ಎದುರು ಕಡೆ ತೀರ ದೂರ, ನಡುವೆ ಎರಡೂ ಬದಿಯಲ್ಲಿ ಒಂದೇ ಸಮ ಇಳಿಜಾರು. ಶೂನ್ಯಕ್ಕೆ ತರುವ ಗುಂಡಿ ಒತ್ತಿದೊಡನೆ ಒಂದು ಸಣ್ಣ ಸುತ್ತಿಗೆಯ ಚಪ್ಪಟೆ ತಲೆ ಬಂದು ಬಿಲ್ಲೆಯ ಅಂಚಿಗೆ ಬಡಿಯುತ್ತದೆ. ಅದು ಎಲ್ಲಿ ಬಡಿದರೂ ಸರಿ, ಇಳಿಜಾರಿನ ಒತ್ತಡಕ್ಕೆ ಬಿಲ್ಲೆ ತಿರುಗಲೇಬೇಕು, ತಿರುಗಿ ನಡುವಿಗೆ ಅತಿ ಹತ್ತಿರದ ಜಾಗವನ್ನು ಸುತ್ತಿಗೆಗೆ ಒಡ್ಡಿ ನಿಲ್ಲಲೇಬೇಕು. ಮುಳ್ಳು ಹತ್ತರಲ್ಲಿದ್ದರೆ ಹಿಂದಕ್ಕೆ ಹಾರಿ, ಐವತ್ತರಲ್ಲಿದ್ದರೆ ಮುಂದಕ್ಕೆ ಹಾರಿ ಹನ್ನೆರಡರ ನೇರಕ್ಕೆ ಬಂದು ಕೂರುತ್ತದೆ. ಲೆಕ್ಕವಿಲ್ಲ, ನೆನಪಿಲ್ಲ, ವಿದ್ಯುತ್ತಿಲ್ಲ. ಒಂದು ಲೋಹದ ತುಂಡಿನ ಆಕಾರವೇ ‘ಶೂನ್ಯಕ್ಕೆ ಬಾ’ ಎಂಬ ಆಜ್ಞೆಯನ್ನು ಪಾಲಿಸುತ್ತದೆ. ಇಷ್ಟು ಸರಳವಾದ, ಇಷ್ಟು ಪೂರ್ಣವಾದ ಉಪಾಯ ಯಂತ್ರಲೋಕದಲ್ಲಿ ಹೆಚ್ಚಿಲ್ಲ.

ಇನ್ನೊಂದು ಕಷ್ಟದ ಜಾಗವೆಂದರೆ ಓಡುತ್ತಿರುವ ಗಡಿಯಾರಕ್ಕೆ ಎಣಿಸುವ ಮುಳ್ಳನ್ನು ಜೋಡಿಸುವುದು. ಮೂಲ ಚಕ್ರಗಳು ನಿಲ್ಲುವಂತಿಲ್ಲ, ಹೊಸ ಹೊರೆಯನ್ನೂ ಎಳೆಯಬೇಕು. ತೋಡಿನ ನೀರನ್ನು ಗದ್ದೆಗೆ ತಿರುಗಿಸಿದಾಗ ತೋಡಿನ ಹರಿವು ಇಳಿಯುವ ಹಾಗೆ, ಎಣಿಕೆ ಶುರುವಾದೊಡನೆ ಬ್ಯಾಲೆನ್ಸ್ ಚಕ್ರದ ತೂಗು ಹಳೆಯ ಬಗೆಯ ಗಡಿಯಾರಗಳಲ್ಲಿ ಇಪ್ಪತ್ತು-ಮೂವತ್ತು ಡಿಗ್ರಿ ಕುಗ್ಗುವುದುಂಟು. ಆ ಬಗೆಯಲ್ಲಿ ಒಂದು ಹಲ್ಲುಚಕ್ರ ಪಕ್ಕಕ್ಕೆ ಸರಿದು ಇನ್ನೊಂದಕ್ಕೆ ಹಲ್ಲು ಕೊಡುತ್ತದೆ. ಹಲ್ಲು ಹಲ್ಲಿಗೇ ಎದುರಾದರೆ ಮುಳ್ಳು ಮೊದಲ ಕ್ಷಣದಲ್ಲಿ ತುಸು ನಡುಗಿ ಜಿಗಿಯುತ್ತದೆ. 1969ರಲ್ಲಿ ಸೀಕೊ ಕಂಪನಿ ತನ್ನ 6139ರಲ್ಲಿ ಹಲ್ಲಿನ ಬದಲು ಮೇಲಿಂದ ಕೆಳಗೆ ಒತ್ತಿ ಹಿಡಿಯುವ ತಟ್ಟೆಗಳನ್ನಿಟ್ಟಿತು. ನಡುಕ ಹೋಯಿತು, ಹೊರೆಯೂ ಇಳಿಯಿತು. 1970ರ ದಶಕದ ವಾಲ್ಜೂ 7750 ಹಲ್ಲಿನ ಗುಂಪಿನದೇ: ಒಂದು ತುದಿ ಸದಾ ಕಚ್ಚಿಕೊಂಡಿರುವ, ಇನ್ನೊಂದು ತುದಿ ಮಾತ್ರ ಓರೆಯಾಗಿ ಬಂದು ಸೇರುವ ದಂಡವನ್ನು ಅದು ಬಳಸುತ್ತದೆ. ಹಿಂಬದಿಗೆ ಗಾಜಿರುವ ಗಡಿಯಾರವಾದರೆ ಇದನ್ನೆಲ್ಲ ಕಣ್ಣಾರೆ ನೋಡಬಹುದು. ಸಂಗ್ರಾಹಕರು ಬ್ರ್ಯಾಂಡಿನ ಹೆಸರಿಗಿಂತ ಮೊದಲು ಒಳಗಿನ ಯಂತ್ರದ ಸಂಖ್ಯೆ ಕೇಳುವುದು ಇದಕ್ಕೇ.

‘ಜೇಬಿನ ಫೋನು ಇದಕ್ಕಿಂತ ಚೆನ್ನಾಗಿ ಅಳೆಯುತ್ತದಲ್ಲ’ ಎಂಬುದು ಮೊದಲ ಆಕ್ಷೇಪ. ಫೋನಿನ ಒಳಗಿನ ಗಡಿಯಾರ ಉತ್ತಮ, ಅನುಮಾನವಿಲ್ಲ. ಆದರೆ ಅದರ ಪರದೆ ಸೆಕೆಂಡಿನ ನೂರನೇ ಪಾಲನ್ನು ತೋರಿಸುವಾಗ ಅಳೆದದ್ದು ಫೋನಲ್ಲ, ನಿಮ್ಮ ಬೆರಳು. ಕಣ್ಣು ಕಂಡು ಬೆರಳು ಒತ್ತುವುದಕ್ಕೆ ಸೆಕೆಂಡಿನ ಐದನೇ ಒಂದರಷ್ಟು ಬೇಕು, ಪರದೆ ಆ ಸ್ಪರ್ಶವನ್ನು ಗ್ರಹಿಸಲು ಇನ್ನಷ್ಟು. ಕೊನೆಯ ಎರಡು ಅಂಕಿಗಳು ಅಳತೆಯ ವೇಷದಲ್ಲಿರುವ ಊಹೆ. ಅಥ್ಲೆಟಿಕ್ಸ್‌ನವರು ಇದನ್ನು ಬಹಳ ಹಿಂದೆಯೇ ಅರಿತರು. ಕೈಯಲ್ಲಿ ಅಳೆದ ನೂರು ಮೀಟರ್ ಓಟವನ್ನು ಯಂತ್ರದ ಅಳತೆಗೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವುದು ರೂಢಿ. 1977ರಿಂದ ಅಂಥ ಕಡಿಮೆ ದೂರದ ಓಟಗಳ ವಿಶ್ವದಾಖಲೆಗೆ ಪೂರ್ತಿ ಸ್ವಯಂಚಾಲಿತ ಅಳತೆಯೇ ಬೇಕೆಂಬ ನಿಯಮ ಬಂತು. ಕೈಯ ತಪ್ಪೇ ಇಷ್ಟಿರುವಾಗ ಎಂಟನೇ ಒಂದರಲ್ಲಿ ಎಣಿಸುವ ಮುಳ್ಳು ಬೆರಳಿನ ಯೋಗ್ಯತೆಗೆ ಸರಿಜೋಡಿ. ತನಗೆ ಗೊತ್ತಿಲ್ಲದ ಅಂಕಿಯನ್ನು ಅದು ಬರೆಯುವುದಿಲ್ಲ.

‘ಹಾಗಾದರೆ ಅಷ್ಟು ಒರಟು ಅಳತೆಯಿಂದ ಪ್ರಯೋಜನವೇನು’ ಎಂಬುದು ಅದಕ್ಕಿಂತ ಗಟ್ಟಿಯಾದ ಆಕ್ಷೇಪ. 1970ರ ಏಪ್ರಿಲ್‌ನಲ್ಲಿ ಕೆಟ್ಟುಹೋದ ಅಪೊಲೊ 13 ನೌಕೆ ಭೂಮಿಗೆ ಮರಳುವಾಗ, ವಿದ್ಯುತ್ ಉಳಿಸಲೆಂದು ಅದರ ಉಪಕರಣಗಳನ್ನು ಆರಿಸಿದ್ದರು. ದಾರಿ ತಿದ್ದಲು ಎಂಜಿನನ್ನು 14 ಸೆಕೆಂಡು ಉರಿಸಬೇಕಿತ್ತು. ಆ ಹದಿನಾಲ್ಕು ಸೆಕೆಂಡನ್ನು ಗಗನಯಾತ್ರಿ ಜ್ಯಾಕ್ ಸ್ವಿಗರ್ಟ್ ಎಣಿಸಿದ್ದು ಕೈಯಲ್ಲಿದ್ದ ಒಮೇಗಾ ಸ್ಪೀಡ್‌ಮಾಸ್ಟರ್ ಕ್ರೋನೋಗ್ರಾಫಿನಿಂದ. ಕಂಬಳದ ಒಂದು ಓಟದಷ್ಟೇ ಕಾಲ ಅದು. ಕೋಣಗಳ ಸೋಲು-ಗೆಲುವಿಗೆ ಸಾಲದ ಸೂಕ್ಷ್ಮತೆ ನೌಕೆಯಲ್ಲಿದ್ದ ಮೂವರ ಪ್ರಾಣ ಉಳಿಸಲು ಸಾಕಾಯಿತು. ಅಳತೆ ಒರಟೋ ನಯವೋ ಎಂಬುದು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಕರೆಯ ಬದಿಯಲ್ಲಿ ನಿಂತವರ ಪ್ರಶ್ನೆಗಳಿಗಂತೂ ಅದು ಧಾರಾಳವಾಗಿ ಸಾಕು. ಡಯಲಿನ ಅಂಚಿನ ಟ್ಯಾಕಿಮೀಟರ್ ಪಟ್ಟಿಯನ್ನೇ ತೆಗೆದುಕೊಳ್ಳಿ: 13.6 ಸೆಕೆಂಡಿನ ಬಳಿ ಮುಳ್ಳು ಸುಮಾರು 265ನ್ನು ತೋರಿಸುತ್ತದೆ. ಪಟ್ಟಿ ಇರುವುದು ಒಂದು ಕಿಲೋಮೀಟರಿಗಾದ್ದರಿಂದ ಅದನ್ನು 0.1425ರಿಂದ ಗುಣಿಸಿದರೆ ಗಂಟೆಗೆ ಸುಮಾರು 38 ಕಿಲೋಮೀಟರ್. ಟೆಲಿಮೀಟರ್ ಪಟ್ಟಿಯಿದ್ದರೆ ಚಾರ್ಮಾಡಿಯ ಕಡೆ ಮಿಂಚು ಕಂಡಾಗ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ. ಹತ್ತು ಸೆಕೆಂಡಾದರೆ ಸಿಡಿಲು ಸುಮಾರು ಮೂರೂವರೆ ಕಿಲೋಮೀಟರ್ ದೂರದಲ್ಲಿದೆ.

ಅದೇ ಶಬ್ದದ ವೇಗ ಕಂಬಳದಲ್ಲಿ ಅಳೆಯುವವರನ್ನು ಮೋಸಗೊಳಿಸುತ್ತದೆ. ಓಟ ಮುಗಿಯುವ ಮಂಜೊಟ್ಟಿಯ ಬಳಿ ನಿಂತು, ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಡುವಾಗಿನ ಕೂಗು ಕೇಳಿ ಗುಂಡಿ ಒತ್ತಿದರೆ, ಆ ಕೂಗು 142 ಮೀಟರ್ ದಾಟಿ ಬರುವಷ್ಟರಲ್ಲಿ 0.4 ಸೆಕೆಂಡು ಸಂದಿರುತ್ತದೆ. ಕೋಣಗಳಿಗೆ ಪೂರ್ಣ ವೇಗದಲ್ಲಿ ಅದು ನಾಲ್ಕು ಮೀಟರಿಗೂ ಮಿಕ್ಕಿದ ದೂರ. ಓಟದ ಪಂದ್ಯಗಳ ಸಮಯಪಾಲಕರು ಪಿಸ್ತೂಲಿನ ಸದ್ದಿಗೆ ಕಾಯದೆ ಹೊಗೆ ಕಂಡೊಡನೆ ಒತ್ತುತ್ತಿದ್ದುದು ಇದಕ್ಕೇ. ಬೋಲ್ಟ್‌ನೊಂದಿಗಿನ ಹೋಲಿಕೆಯನ್ನೂ ಇದೇ ಎಚ್ಚರದಿಂದ ನೋಡಬೇಕು. ಕಂಬಳದ ಓಟಗಾರನ ಸಾಮರ್ಥ್ಯ ಅಸಾಧಾರಣವಾದದ್ದು, ಅದಕ್ಕೆ ಬೋಲ್ಟ್‌ನ ಸಾಕ್ಷಿ ಬೇಕಿಲ್ಲ. ಆದರೆ ಕೆಸರಿನಲ್ಲಿ ಕೋಣಗಳ ಜೊತೆ, ಅವುಗಳ ಎಳೆತಕ್ಕೆ ಒಡ್ಡಿಕೊಂಡು ಓಡಿದ 142.5 ಮೀಟರಿನ ಸರಾಸರಿಯನ್ನು ನೂರು ಮೀಟರಿಗೆ ಭಾಗಿಸಿದಾಗ ಸಿಗುವ 9.55 ಒಂದು ಭಾಗಾಕಾರದ ಉತ್ತರ ಮಾತ್ರ. ಅದನ್ನು ಯಾವ ಗಡಿಯಾರವೂ ಅಳೆದಿಲ್ಲ.

ಬೆಲೆಯ ಮಾತೂ ಇದೆ. ಸ್ವಿಸ್ ಕ್ರೋನೋಗ್ರಾಫುಗಳು ಲಕ್ಷಗಟ್ಟಲೆ ರೂಪಾಯಿ ಬಾಳುವುದರಿಂದ ಇದು ಶ್ರೀಮಂತರ ಪ್ರದರ್ಶನ ಎಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ಹೃದಯಾಕಾರದ ಬಿಲ್ಲೆ ದುಬಾರಿ ಗಡಿಯಾರದಲ್ಲೂ ಅಗ್ಗದ್ದರಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ. ಹಳೆಯ ಸ್ವಿಸ್ ವೀನಸ್ 175ರ ವಿನ್ಯಾಸವನ್ನೇ ಮುಂದುವರಿಸಿದ ಚೀನಾದ ಸೀಗಲ್ ಯಂತ್ರವಿರುವ ಗಡಿಯಾರಗಳು ಸ್ವಿಸ್ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಗಲ್ಫ್‌ಗೆ ದುಡಿಯಲು ಹೋದವರ ಕೈಯಲ್ಲಿ ಕರಾವಳಿಗೆ ಬಂದ ಸೀಕೊ, ಸಿಟಿಜನ್ ವಾಚುಗಳು ಬಂಟ್ವಾಳ, ಮೂಡುಬಿದಿರೆಯ ಮನೆಗಳ ಕಪಾಟುಗಳಲ್ಲಿ ಇನ್ನೂ ಇರುತ್ತವೆ. ಅವುಗಳಲ್ಲಿ ಬದಿಗೆ ಎರಡು ಗುಂಡಿಯಿರುವುದು ಸಿಕ್ಕರೆ ಗುಜರಿಗೆ ಹಾಕಬೇಡಿ. ಅದೇ ಮಾದರಿಯನ್ನು ಹಣ ಕೊಟ್ಟು ತರಿಸುವಾಗ ಮಾತ್ರ ಹುಷಾರು. ನಮ್ಮ ದೇಶದ ಹಳೆ ವಾಚ್ ಪೇಟೆಯಲ್ಲಿ ಡಯಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ಗಡಿಯಾರಗಳ ಬಿಡಿಭಾಗ ಸೇರಿಸಿ ‘ಹಳೆಯದು’ ಎಂದು ಮಾರುವುದು ಸಾಮಾನ್ಯ. ಅಕ್ಷರಗಳ ಅಂಚು ದಪ್ಪವಾಗಿ ಹರಡಿದ್ದರೆ, ಪುಟ್ಟ ವೃತ್ತಗಳ ಗೆರೆ ನಡುವಿಗೆ ಕೂಡದಿದ್ದರೆ ಅದು ಬಳಿದ ಡಯಲು.

ನಮ್ಮ ಮಳೆಯನ್ನೂ ಮರೆಯುವಂತಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಕರಾವಳಿ ಜಿಲ್ಲೆಯಿದು. ಸಾಮಾನ್ಯ ಗಡಿಯಾರದ ಕವಚಕ್ಕೆ ಕೀಯ ತೂತು ಒಂದೇ. ಕ್ರೋನೋಗ್ರಾಫಿಗೆ ಎರಡು ಗುಂಡಿಗಳ ತೂತು ಸೇರಿ ಮೂರು. ರಬ್ಬರ್ ಉಂಗುರ ಸವೆದರೆ ಆಟಿ ತಿಂಗಳ ಮಳೆಯ ತೇವ ಮೊದಲು ನುಗ್ಗುವುದು ಅಲ್ಲಿಂದ. ಒದ್ದೆ ಕೈಯಲ್ಲಿ ಗುಂಡಿ ಒತ್ತಬೇಡಿ, ಗಾಜಿನೊಳಗೆ ಮಂಜು ಕಂಡರೆ ಒಣಗಲಿ ಎಂದು ಕಾಯದೆ ಅಂದೇ ಬಿಚ್ಚಿಸಿ. ನಾಲ್ಕೈದು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು, ಅದಕ್ಕೆ ಮಾಮೂಲಿ ವಾಚಿಗಿಂತ ಬಹಳ ಹೆಚ್ಚು ಖರ್ಚಾಗುತ್ತದೆ. ಕ್ರೋನೋಗ್ರಾಫ್ ಬಿಚ್ಚಿ ಜೋಡಿಸಬಲ್ಲ ರಿಪೇರಿಯವರು ಸಣ್ಣ ಪೇಟೆಗಳಲ್ಲಿ ಈಗ ವಿರಳ, ಆದ್ದರಿಂದ ಅಂಥವರು ಯಾರಿದ್ದಾರೆಂದು ತಿಳಿದುಕೊಂಡೇ ಗಡಿಯಾರ ಹುಡುಕಲು ಹೊರಡುವುದು ಒಳ್ಳೆಯದು. ಅಂಗಡಿಯಲ್ಲಿ ಹಣ ಕೊಡುವ ಮುಂಚೆ ಮೇಲಿನ ಗುಂಡಿ ಒತ್ತಿ ಹತ್ತು ನಿಮಿಷ ಓಡಲು ಬಿಡಿ, ನಿಮಿಷ ಎಣಿಸುವ ಮುಳ್ಳು ಸರಿಯಾಗಿ ಸರಿಯುತ್ತದೆಯೇ ನೋಡಿ, ನಿಲ್ಲಿಸಿ, ಕೆಳಗಿನ ಗುಂಡಿ ಒತ್ತಿ. ದೊಡ್ಡ ಮುಳ್ಳು ಪ್ರತಿ ಸಲವೂ ಹನ್ನೆರಡರ ಗೆರೆಯ ಮೇಲೇ ಬಂದು ನಿಲ್ಲಬೇಕು. ನಿಲ್ಲದಿದ್ದರೆ, ಹೆಸರು ಎಷ್ಟೇ ದೊಡ್ಡದಿರಲಿ, ಆ ಗಡಿಯಾರವನ್ನು ಬಿಟ್ಟು ಬನ್ನಿ.