ನಡುವೆ ಒಂದು ಹೊಸ ಮಾಡೆಲ್ ಬೇಕಾ?

ಕೈಯಲ್ಲಿ ಹಿಡಿದು ಆಡೋ ಗೇಮ್ ಕನ್ಸೋಲ್‌ಗೆ ಮೂರ್ನಾಲ್ಕು ವರ್ಷಕ್ಕೇ ಹೊಸ ಚಿಪ್ ಬೇಕಾ?

2014ರಲ್ಲಿ ನಿಂಟೆಂಡೊ ಹಾಗೇ ಮಾಡ್ತು. ತನ್ನ 3ಡಿಎಸ್ ಕನ್ಸೋಲ್‌ಗಿಂತ ವೇಗವಾದ ‘ನ್ಯೂ 3ಡಿಎಸ್’ ತಂತು. ಆಮೇಲೆ ಬಂದ ‘ಝೆನೊಬ್ಲೇಡ್ ಕ್ರಾನಿಕಲ್ಸ್ 3ಡಿ’ ಗೇಮ್ ಹಳೇದರಲ್ಲಿ ಓಡಲೇ ಇಲ್ಲ. ಹಳೇದನ್ನು ಕೊಂಡವರಿಗೆ ಕೈಕೊಟ್ಟ ಹಾಗಾಯ್ತು.

ವಾಲ್ವ್ ಕಂಪನಿ ಬೇರೆ ದಾರಿ ಹಿಡೀತು. ಅದರ ಕೈ ಕನ್ಸೋಲ್, 2022ರ ಸ್ಟೀಮ್ ಡೆಕ್‌ಗೆ 2023ರಲ್ಲಿ ಒಎಲ್‌ಇಡಿ ಮಾಡೆಲ್ ಬಂತು. ಪರದೆ 7ರಿಂದ 7.4 ಇಂಚು, ಬ್ಯಾಟರಿ 40ರಿಂದ 50 ವಾಟ್-ಅವರ್. ಚಿಪ್ 7ರಿಂದ 6 ನ್ಯಾನೋಮೀಟರ್‌ಗೆ ಇಳಿದು ಚಾರ್ಜ್ ಉಳಿಸ್ತು. ಗೇಮ್ ಓಡಿಸೋ ತಾಕತ್ತು ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಹಳೇ ಡೆಕ್ ಇದ್ದವರಿಗೆ ಯಾವ ಗೇಮೂ ತಪ್ಪಲಿಲ್ಲ.

ಅಂದ್ರೆ, ನಡುವೆ ಅಪ್‌ಗ್ರೇಡ್ ಬರಲಿ. ಪರದೆಗೆ, ಬ್ಯಾಟರಿಗೆ ಬರಲಿ. ಹೊಸದಾಗಿ ಕೊಳ್ಳೋರು ಒಎಲ್‌ಇಡಿನೇ ನೋಡಿ. ಹಳೇದು ಚೆನ್ನಾಗಿದ್ರೆ, ಆ ದುಡ್ಡಲ್ಲಿ ಗೇಮ್ ತಗೊಳ್ಳಿ!