ದುಡ್ಡು ಬಂದಿದೆಯಂತೆ, ವಾಲೆಟ್‌ನಲ್ಲಿ ಕಾಣ್ತಿಲ್ಲ!

ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಮರುಕ್ಷಣವೇ ಡಬ್ಬಿ 'ನಲವತ್ತು ರೂಪಾಯಿ ಬಂತು' ಅಂತ ಕೂಗುತ್ತೆ. ಈ ಅಭ್ಯಾಸದಲ್ಲೇ ಮೊನೆರೊ ವಾಲೆಟ್ ತೆರೆದವರಿಗೆ ಮೊದಲ ದಿನವೇ ತಲೆ ಕೆಡುತ್ತೆ. ಸಾಫ್ಟ್‌ವೇರ್ ಕೆಲಸದವನು ಅಂತ ನನ್ನನ್ನು ಕೇಳುವವರೆಲ್ಲರದ್ದೂ ಒಂದೇ ದೂರು: "ಕಳಿಸಿದ್ದೀನಿ ಅಂತಾನೆ, ನನಗೆ ಕಾಣ್ತಿಲ್ಲ ಕಣೋ."

ಬಿಟ್‌ಕಾಯಿನ್‌ನಲ್ಲಿ ಹೆಸರು ಇರಲ್ಲ ನಿಜ. ಆದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯ್ತು ಅನ್ನೋದನ್ನ ಯಾರು ಬೇಕಾದರೂ ನೋಡಬಹುದು. 2014ರಲ್ಲಿ ಶುರುವಾದ ಮೊನೆರೊ ಇವತ್ತು ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ಮುಚ್ಚಿಡುತ್ತೆ. ಯಾವುದು ನಿಮ್ಮ ಹಣ ಅಂತ ಸರ್ವರ್‌ಗೂ ಗೊತ್ತಿರಲ್ಲ. ಹಾಗಾಗಿ ನಿಮ್ಮ ವಾಲೆಟ್ಟೇ ಎಲ್ಲರ ವಹಿವಾಟುಗಳನ್ನೂ ತರಿಸಿಕೊಂಡು, ಒಂದೊಂದಕ್ಕೂ ತನ್ನ ಗುಟ್ಟಿನ ಕೀಲಿ ಹಾಕಿ ನೋಡಬೇಕು. ಅಂಚೆಯವರು ಇಡೀ ಊರಿನ ಕಾಗದಗಳನ್ನ ವಿಳಾಸವಿಲ್ಲದೆ ನಿಮ್ಮ ಜಗುಲಿ ಮೇಲೆ ಸುರಿದು ಹೋದ ಹಾಗೆ. ಆ್ಯಪ್ ತೆರೆಯದೆ ತಿಂಗಳುಗಳಾಗಿದ್ದರೆ ರಾಶಿಯೂ ದೊಡ್ಡದು.

ಹಣ ಕಂಡಮೇಲೂ ತಕ್ಷಣ ಖರ್ಚು ಮಾಡಕ್ಕಾಗಲ್ಲ. ಹತ್ತು ಬ್ಲಾಕ್ ಕಳೆಯಬೇಕು, ಅಂದರೆ ಸುಮಾರು 20 ನಿಮಿಷ. ನೀವೇ ಯಾರಿಗೋ ಸ್ವಲ್ಪ ಕಳಿಸಿದಾಗ ನಿಮಗೆ ವಾಪಸ್ ಬರುವ ಚಿಲ್ಲರೆಗೂ ಅಷ್ಟೇ ಹೊತ್ತು ಬೀಗ.

ಅಪಾಯ ಇರೋದು ಈ ಕಾಯುವ ಹೊತ್ತಿನಲ್ಲೇ. ಗಾಬರಿಯಾದವರು ನೆಟ್‌ನಲ್ಲಿ ಸಹಾಯ ಹುಡುಕ್ತಾರೆ. 'ಕಸ್ಟಮರ್ ಕೇರ್' ಅಂತ ಒಬ್ಬ ಸಿಕ್ಕಿ, ವಾಲೆಟ್ ಮಾಡಿದಾಗ ಕೊಟ್ಟ 25 ಪದಗಳನ್ನ ಕೇಳ್ತಾನೆ. ಆ ಪದಗಳೇ ಇಡೀ ಪರ್ಸು. ಹೇಳಿದರೆ ಹೋಯ್ತು, ವಾಪಸ್ ಕೊಡಿಸೋಕೆ ಯಾವ ಬ್ಯಾಂಕ್ ಮ್ಯಾನೇಜರೂ ಇಲ್ಲ. ಅದಕ್ಕೇ ನನ್ನ ಮಟ್ಟಿಗೆ ಬಣ್ಣದ ಪರದೆಗಿಂತ 'ಹಣ ಬಂದಿದೆ, ಇನ್ನು ಇಷ್ಟು ನಿಮಿಷ ಕಾಯಿರಿ' ಅಂತ ಹೇಳುವ ವಾಲೆಟ್ಟೇ ಒಳ್ಳೆಯದು.

ಸುಲಭಕ್ಕೂ ಬೆಲೆ ಉಂಟು. ಇಡೀ ಲೆಕ್ಕದ ಪುಸ್ತಕ ಫೋನ್‌ನಲ್ಲಿ ಹಿಡಿಸಲ್ಲವಲ್ಲ, ಹಾಗಾಗಿ ಮೊಬೈಲ್ ವಾಲೆಟ್‌ಗಳು ಬೇರೆಯವರ ಕಂಪ್ಯೂಟರಿನಿಂದ ಓದುತ್ತವೆ. ಮೊತ್ತ ಅವರಿಗೆ ಕಾಣಲ್ಲ, ಆದರೆ ನಿಮ್ಮ ಐಪಿ ವಿಳಾಸ ಕಾಣಬಹುದು. (ಗುಟ್ಟಿನ ನಾಣ್ಯ ಅಂತ ತೆರಿಗೆ ತಪ್ಪಲ್ಲ. ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ 30% ಇದಕ್ಕೂ ಇದೆ.)

ಫೋನ್ ಕಳೆದು ಹೊಸದರಲ್ಲಿ ವಾಲೆಟ್ ಮರಳಿ ತರುವಾಗ 'ಯಾವ ಬ್ಲಾಕಿನಿಂದ ಹುಡುಕಲಿ?' ಅಂತ ಕೇಳುತ್ತೆ. ಅದು ಯಾರಿಗೆ ನೆನಪಿರುತ್ತೆ? ಕೇಕ್ ವಾಲೆಟ್‌ನಂಥವು ದಿನಾಂಕ ಕೊಟ್ಟರೂ ಒಪ್ಪುತ್ತವೆ. ತೀರಾ ಈಚಿನ ದಿನಾಂಕ ಕೊಟ್ಟರೆ ಹಳೆಯ ಹಣ ಕಾಣಿಸಲ್ಲ, ಹಿಂದಿನದು ಕೊಟ್ಟು ಮತ್ತೆ ಹುಡುಕಿಸಿದರೆ ಸಿಗುತ್ತೆ. ಪದಗಳನ್ನ ಹಾಳೆಯಲ್ಲಿ ಬರೆಯುವಾಗ, ಫೋಟೊ ಬೇಡ, ವಾಲೆಟ್ ಮಾಡಿದ ತಾರೀಖನ್ನೂ ಕೆಳಗೆ ಬರೆದುಬಿಡಿ.