ಕುಡಿಯದವರನ್ನೂ ಕಾಡುವ ಲಿವರ್ ಸಿರೋಸಿಸ್: ಗುರುತಿಸುವುದು ಹೇಗೆ?

ಬೆಂಗಳೂರು: ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಸ್ಕ್ಯಾನಿಂಗ್ ಕೇಂದ್ರಗಳ ವರದಿಗಳಲ್ಲಿ 'ಫ್ಯಾಟಿ ಲಿವರ್' ಎಂಬ ಪದ ಈಗ ಅಪರೂಪವಲ್ಲ. 'ನಾನು ಕುಡಿಯುವುದಿಲ್ಲವಲ್ಲ' ಎಂದು ವರದಿಯನ್ನು ಮೂಲೆಗಿಡುವವರೂ ಇದ್ದಾರೆ. ಸಿರೋಸಿಸ್ ಎಂದರೆ ಕುಡುಕರ ಕಾಯಿಲೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಅದು ಅರ್ಧಸತ್ಯ.

ಯಕೃತ್ತು ದೀರ್ಘಕಾಲ ಘಾಸಿಗೊಳ್ಳುತ್ತಿದ್ದರೆ ಆರೋಗ್ಯವಂತ ಜೀವಕೋಶಗಳ ಜಾಗವನ್ನು ನಾರಿನಂತಹ ಅಂಗಾಂಶ ಆಕ್ರಮಿಸುತ್ತದೆ. ಅಂಗವು ಗಟ್ಟಿಯಾಗಿ ಗಂಟುಗಂಟಾಗುವ ಈ ಸ್ಥಿತಿಯೇ ಸಿರೋಸಿಸ್. ಮದ್ಯಪಾನವಲ್ಲದೆ ಹೆಪಟೈಟಿಸ್ ಬಿ ಮತ್ತು ಸಿ ಸೋಂಕು, ಮಧುಮೇಹ ಹಾಗೂ ಬೊಜ್ಜಿನೊಂದಿಗೆ ಬರುವ ಫ್ಯಾಟಿ ಲಿವರ್ ಕೂಡ ಇದಕ್ಕೆ ಕಾರಣವಾಗಬಲ್ಲವು. ಫ್ಯಾಟಿ ಲಿವರ್ ಇರುವ ಎಲ್ಲರಿಗೂ ಸಿರೋಸಿಸ್ ಬರುವುದಿಲ್ಲ. ಮಧುಮೇಹಿಗಳಲ್ಲಿ ಅಪಾಯ ಹೆಚ್ಚು.

ಮೌನವಾಗಿ ಬೆಳೆಯುವ ರೋಗ

ಯಕೃತ್ತು ಸಹಿಷ್ಣು ಅಂಗ. ಸಿರೋಸಿಸ್ ಉಂಟಾದ ಮೇಲೂ ವರ್ಷಗಟ್ಟಲೆ ಯಾವ ತೊಂದರೆಯೂ ಕಾಣಿಸದಿರಬಹುದು. ಕಾರಣವಿಲ್ಲದ ಆಯಾಸ, ಹಸಿವಿಲ್ಲದಿರುವುದು, ತೂಕ ಇಳಿಕೆ, ಮೈತುರಿಕೆ ಮೊದಲ ಸೂಚನೆಗಳು. ಅಂಗೈ ಕೆಂಪಾಗುವುದು, ಎದೆ ಹಾಗೂ ಭುಜದ ಮೇಲೆ ಜೇಡರ ಬಲೆಯಂತೆ ಸಣ್ಣ ರಕ್ತನಾಳಗಳು ಕಾಣುವುದು, ಪುರುಷರಲ್ಲಿ ಸ್ತನ ಉಬ್ಬುವುದು ಕೂಡ ಲಕ್ಷಣಗಳೇ. ರೋಗ ಉಲ್ಬಣಿಸಿದಾಗ ಕಣ್ಣು ಹಳದಿಯಾಗುತ್ತದೆ, ಕಾಲು ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಇದೇ ಜಲೋದರ.

ತಡಮಾಡದಿರಿ

ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಮಾತಿನಲ್ಲಿ ಗೊಂದಲ, ಅತಿಯಾದ ಮಂಪರು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಜಲೋದರ ಇರುವವರಿಗೆ ಜ್ವರ ಅಥವಾ ಹೊಟ್ಟೆನೋವು ಬಂದರೂ ಹಾಗೆಯೇ. ಕಾಮಾಲೆ ಎಂದು ನಾಟಿ ಔಷಧಕ್ಕೆ ಅಲೆದು ಕಾಲ ಕಳೆಯುವುದು ಅಪಾಯಕಾರಿ.

ಲಿವರ್ ಫಂಕ್ಷನ್ ಪರೀಕ್ಷೆ ಸಹಜವಾಗಿದ್ದರೂ ಸಿರೋಸಿಸ್ ಇರಬಹುದು. ಪ್ಲೇಟ್‌ಲೆಟ್ ಸಂಖ್ಯೆ, ಅಲ್ಟ್ರಾಸೌಂಡ್, ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಇವುಗಳನ್ನು ಒಟ್ಟಾಗಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಉದರರೋಗ ಹಾಗೂ ಅಂಗಾಂಗ ಕಸಿಗೆಂದೇ ಸರ್ಕಾರಿ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ತಪಾಸಣೆ, ಚಿಕಿತ್ಸೆ ಉಚಿತ.

ಗಟ್ಟಿಯಾದ ಯಕೃತ್ತು ಮೊದಲಿನಂತಾಗುವುದು ಕಷ್ಟ. ಆದರೆ ಮದ್ಯ ತ್ಯಜಿಸಿ, ಸಕ್ಕರೆ ಪ್ರಮಾಣ ಮತ್ತು ತೂಕವನ್ನು ಹತೋಟಿಯಲ್ಲಿಟ್ಟು, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗದಿದ್ದರೆ ಹಾನಿಯನ್ನು ತಡೆಯಲು ಸಾಧ್ಯ. ಮೂಲೆಗಿಟ್ಟ ಆ ವರದಿಯನ್ನು ಮತ್ತೊಮ್ಮೆ ವೈದ್ಯರಿಗೆ ತೋರಿಸುವುದು ಅದಕ್ಕೆ ಮೊದಲ ಹೆಜ್ಜೆ.